ಹತ್ತಕ್ಕೆ ಎಷ್ಟು ನೋವು?

"ಗ್ಲೌಸ್ ತೆಗೀರಿ."

"ತೆಗೆಯಲ್ಲ ಸಾರ್."

ಜ್ಞಾನಭಾರತಿ ಪಕ್ಕದ ಮೈದಾನದಲ್ಲಿ ಭಾರತ ಮಹಿಳಾ ಫುಟ್‌ಬಾಲ್ ತಂಡದ ಕ್ಯಾಂಪ್ ನಡೆಯುತ್ತಿತ್ತು. ಏಷ್ಯಾ ಕಪ್‌ಗೆ ಇನ್ನು ಮೂರೇ ವಾರ. ಟೇಬಲ್ಲಿನ ಆ ಕಡೆ ತಂಡದ ಹೊಸ ಫಿಸಿಯೋ ಬಸವಕಿರಣ್, ಈ ಕಡೆ ಗೋಲ್‌ಕೀಪರ್ ಕವನಾ. ಹಿಂದೆ ಸಾಲು ನಿಂತ ಹುಡುಗಿಯರಿಗೆಲ್ಲ ಪುಕ್ಕಟೆ ಮನರಂಜನೆ.

"ಎಲ್ಲರ ಕೈ ನೋಡಿದೀನಿ. ನಿಮ್ಮದೂ ನೋಡ್ಲೇಬೇಕು."

"ನೋಡಿದ್ರೆ ಅನ್‌ಫಿಟ್ ಅಂತ ಬರೀತೀರ."

"ನೋಡ್ದೆ ಇದ್ರೂ ಬರೀತೀನಿ."

ಅಬ್ಬಾ, ಎಂಥಾ ಜಂಭ ಈ ಮನುಷ್ಯನಿಗೆ! ಕವನಾ ಹಲ್ಲು ಕಚ್ಚಿಕೊಂಡು ಬಲಗೈ ಗ್ಲೌಸ್ ಕಿತ್ತಳು. ಉಂಗುರದ ಬೆರಳು ಗೆಣ್ಣಿನ ಹತ್ತಿರ ಊದಿ, ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಅವನು ಬೈಯಲಿಲ್ಲ. ಬೆರಳನ್ನು ಮೆಲ್ಲಗೆ ಮಡಿಸಿದ, ಮೆಲ್ಲಗೆ ಬಿಡಿಸಿದ.

"ಹತ್ತಕ್ಕೆ ಎಷ್ಟು ನೋವು?"

"ಎರಡು."

ಅವನು ಹಾಳೆಯ ಮೇಲೆ ನಾಲ್ಕು ಎಂದು ಬರೆದ.

"ನಾನು ಹೇಳಿದ್ದು ಎರಡು!"

"ಆಟ ಆಡೋರು ಹೇಳಿದ್ದನ್ನ ನಾನು ಡಬಲ್ ಮಾಡಿ ಬರ್ಕೋತೀನಿ. ಟೀಮಿಂದ ತೆಗೀತಾರೆ ಅನ್ನೋ ಭಯಕ್ಕೆ ಎಲ್ಲರೂ ಅರ್ಧ ಮುಚ್ಚಿಡ್ತಾರೆ. ಹತ್ತು ವರ್ಷದಿಂದ ನೋಡ್ತಾ ಇದೀನಿ. ಆರರ ತನಕ ಆಡಿಸ್ತೀನಿ, ಅದಕ್ಕೂ ಮೇಲೆ ಹೋದ್ರೆ ಬೆಂಚು. ದಿನಾ ಸಂಜೆ ಬಂದು ಕೈ ತೋರಿಸ್ಬೇಕು."

ನಿಜ ಹೇಳಬೇಕೆಂದರೆ ಅವಳ ನೋವು ಸರಿಯಾಗಿ ನಾಲ್ಕೇ ಇತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂದಿದ್ದು.

ಕವನಾಗೆ ಈ ಕಪ್ ಬರೀ ಆಟವಾಗಿರಲಿಲ್ಲ. ಕ್ಯಾಂಪಿಗೆ ಹೊರಡುವ ಹಿಂದಿನ ದಿನ ಮಲ್ಲತ್ತಹಳ್ಳಿಯ ಮನೆಯಲ್ಲಿ ಅಪ್ಪ ನಾಗರಾಜು ಕೊನೇ ಮಾತು ಆಡಿಬಿಟ್ಟಿದ್ದರು.

"ವಯಸ್ಸು ಇಪ್ಪತ್ತೈದಾಯ್ತು. ಈ ಸಲನೂ ಮೊದಲನೇ ರೌಂಡಲ್ಲೇ ಸೋತು ಬಂದ್ರೆ ಗ್ಲೌಸ್ ಅಟ್ಟಕ್ಕೆ. ನಾನು ತೋರಿಸಿದ ಹುಡುಗನಿಗೆ ತಲೆ ಬಗ್ಗಿಸ್ಬೇಕು."

"ಗ್ರೂಪ್ ದಾಟಿದ್ರೆ?"

ಅಪ್ಪನಿಗೆ ನಗು ಬಂತು. ಭಾರತ ತಂಡ ಗ್ರೂಪ್ ದಾಟಿದ್ದನ್ನು ಅವರು ಕಂಡಿರಲಿಲ್ಲ.

"ದಾಟು ನೋಡಣ. ಆಮೇಲೆ ಈ ಮನೇಲಿ ನಿಂದೇ ಮಾತು."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಅಕ್ಕಯ್ಯಮ್ಮ ತಲೆ ಎತ್ತಿ ನೋಡಿದರು.

ವಿದೇಶದಲ್ಲಿ ನಡೆದ ಕಪ್‌ನ ಮೊದಲ ಪಂದ್ಯ ಹೋದ ಸಲದ ಚಾಂಪಿಯನ್ನರ ಎದುರು. ಮೂರು ಗೋಲು ತಿಂದು ಸೋತರು. ಕವನಾ ತಡೆದದ್ದು ಹನ್ನೊಂದು, ಆದರೆ ಅದನ್ನು ಯಾರು ಲೆಕ್ಕ ಇಡುತ್ತಾರೆ? ಅಂದು ಸಂಜೆ ಕಿರಣ್ ಅವಳ ಉಂಗುರದ ಬೆರಳನ್ನೂ ಪಕ್ಕದ ಬೆರಳನ್ನೂ ಸೇರಿಸಿ ಟೇಪ್ ಸುತ್ತುತ್ತಾ ಹೇಳಿದ, "ನಂಗೆ ಲೆಕ್ಕ ಇದೆ. ಹನ್ನೊಂದು."

ಅವಳು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.

ಆಮೇಲೆ ಸಂಜೆಗಳು ಉದ್ದವಾದವು. ಟೇಪ್ ಸುತ್ತುವುದಕ್ಕೆ ಐದು ನಿಮಿಷ, ಹರಟೆಗೆ ಒಂದು ಗಂಟೆ. ಅವನ ಮನೆಯವರು ದಾವಣಗೆರೆ ಕಡೆಯವರು, ವಿಜಯನಗರಕ್ಕೆ ಬಂದು ಇಪ್ಪತ್ತು ವರ್ಷ, ಮಾರೇನಹಳ್ಳಿಯಲ್ಲಿ ಅವನದೊಂದು ಪುಟ್ಟ ಕ್ಲಿನಿಕ್. ಮಲ್ಲತ್ತಹಳ್ಳಿ ಕೆರೆ ಪಕ್ಕದ ಬಯಲಲ್ಲಿ ಹುಡುಗರ ಜೊತೆ ಆಡುವಾಗ ಹುಡುಗಿ ಎಂದು ತನ್ನನ್ನು ಗೋಲಿಗೆ ನಿಲ್ಲಿಸಿದ ಕತೆಯನ್ನು ಅವಳು ಹೇಳಿದಳು.

"ಒಂದು ವಾರ ಒಂದು ಗೋಲೂ ಬಿಡ್ಲಿಲ್ಲ. ಆಮೇಲೆ ಎರಡೂ ಟೀಮಿನೋರು ನಂಗೋಸ್ಕರ ಕಿತ್ತಾಡೋಕೆ ಶುರು ಮಾಡಿದ್ರು."

ಅವನು ಜೋರಾಗಿ ನಕ್ಕ. ಆ ನಗು ಅವಳಿಗೆ ಬೇಕು ಅನ್ನಿಸಿತು... ನಾಳೆಯೂ ಬೇಕು, ನಾಡಿದ್ದೂ ಬೇಕು.

ಎರಡನೇ ಪಂದ್ಯ ಒಂದು-ಒಂದು ಡ್ರಾ. ಮೂರನೆಯದನ್ನು ಗೆದ್ದರೆ ಕ್ವಾರ್ಟರ್ ಫೈನಲ್, ಇಲ್ಲವಾದರೆ ಗಂಟುಮೂಟೆ.

ಆ ಪಂದ್ಯದ ಹಿಂದಿನ ಸಂಜೆ ಅವನು ಎಂದಿನಂತೆ ಕೇಳಿದ, "ಹತ್ತಕ್ಕೆ ಎಷ್ಟು?"

ಕವನಾ ಮನಸ್ಸಲ್ಲೇ ಲೆಕ್ಕ ಹಾಕಿದಳು. ಎರಡೂವರೆ ಅನ್ನಬೇಕು. ಅವನು ಐದು ಎಂದು ಬರೆದುಕೊಳ್ಳುತ್ತಾನೆ. ಆದರೆ ಇವನಿಗೂ ಸುಳ್ಳು ಹೇಳಬೇಕಾ? ಇಷ್ಟು ದಿನ ಕೈ ಹಿಡಿದು ಕೂತವನಿಗೆ?

"ಐದು," ಅಂದಳು.

ಅದು ಅವಳ ಇಡೀ ಆಟದ ಬದುಕಿನಲ್ಲೇ ಮೊದಲ ನಿಜ. ಅವಳ ಮಟ್ಟಿಗೆ ಪ್ರೇಮಪತ್ರ ಬರೆದು ಕೈಗಿಟ್ಟಷ್ಟೇ ಸಮ.

ಕಿರಣ್ ಮುಖ ಬಿಳುಪೇರಿತು. ಹಾಳೆ ಎತ್ತಿಕೊಂಡು ಎದ್ದು ನಡೆದ.

ಮಾರನೇ ದಿನ ಬೆಳಗ್ಗೆ ಸ್ಮೃತಿ ಅವಳ ರೂಮಿಗೆ ಓಡಿ ಬಂದಳು. ಸ್ಮೃತಿ ತಂಡದ ಎರಡನೇ ಗೋಲ್‌ಕೀಪರ್, ಕವನಾಳ ಗೆಳತಿ.

"ಕವಿ, ಇವತ್ತು ನನ್ನ ಇಳಿಸ್ತಾರಂತೆ ಕಣೇ. ನಿನ್ನ ಬೆರಳು ಮುರಿದಿರಬಹುದು ಅಂತ ಫಿಸಿಯೋ ಬರೆದು ಕೊಟ್ಟಿದಾರೆ. ಹತ್ತಕ್ಕೆ ಹತ್ತು ನೋವಂತೆ."

ಹತ್ತಕ್ಕೆ ಹತ್ತು!

ಕವನಾ ಬರಿಗಾಲಲ್ಲೇ ಅವನ ರೂಮಿಗೆ ನುಗ್ಗಿದಳು. "ನಾನು ಐದು ಅಂದೆ. ನೀವು ಹತ್ತು ಬರೆದ್ರಿ!"

"ಕವನಾ, ಇಷ್ಟು ದಿನ ಎರಡು ಅಂತಿದ್ದೋರು ಏಕ್‌ದಂ ಐದು ಅಂದ್ರೆ..."

"ಇಷ್ಟು ದಿನ ಸುಳ್ಳು ಹೇಳ್ತಿದ್ದೆ. ನಿನ್ನೆ ನಿಜ ಹೇಳ್ದೆ. ನಿಮಗೆ ಅಂತಾನೇ ಹೇಳ್ದೆ. ನನ್ನ ಸುಳ್ಳೆಲ್ಲ ನಿಮಗೆ ಅರ್ಥ ಆಯ್ತು. ಒಂದೇ ಒಂದು ನಿಜ ಹೇಳಿದ್ದಕ್ಕೆ ಬೆಂಚಲ್ಲಿ ಕೂರಿಸಿದ್ರಿ."

ಹತ್ತು ವರ್ಷದ ಅನುಭವ ಎಂದು ಮೆರೆಯುತ್ತಿದ್ದವನು ಎದುರಿಗಿರುವ ಒಬ್ಬಳನ್ನು ನಂಬುವುದನ್ನೇ ಮರೆತಿದ್ದ.

"ಎಕ್ಸ್‌ರೇ ತೆಗೆಸೋಣ, ಬನ್ನಿ. ಈಗಲೇ."

ಮೂಳೆಗೆ ಏನೂ ಆಗಿರಲಿಲ್ಲ. ಇಬ್ಬರೂ ಆಸ್ಪತ್ರೆಯಿಂದ ಮೈದಾನಕ್ಕೆ ಓಡಿ ಬರುವಷ್ಟರಲ್ಲಿ ಆಡುವ ಹನ್ನೊಂದು ಜನರ ಪಟ್ಟಿ ರೆಫರಿ ಕೈಗೆ ಹೋಗಿಬಿಟ್ಟಿತ್ತು. ಕಿರಣ್ ಎಲ್ಲರ ಎದುರೇ ಕೋಚ್ ಸೀತಾ ಮುಂದೆ ನಿಂತ.

"ತಪ್ಪು ನಂದು ಮೇಡಂ. ಅವರು ಸರಿಯಾಗೇ ಹೇಳಿದ್ರು. ನಾನು ನಂಬಲಿಲ್ಲ."

ಸೀತಾ ಎಕ್ಸ್‌ರೇ ನೋಡಿ ಕವನಾ ಕಡೆ ತಿರುಗಿದರು. "ಗ್ಲೌಸ್ ಹಾಕ್ಕೊಂಡು ಬೆಂಚಲ್ಲಿ ಕೂತ್ಕೊ. ಬೇಕಾದ್ರೆ ಕರೀತೀನಿ."

ಬೇಕಾಯಿತು. ಎಪ್ಪತ್ತನೇ ನಿಮಿಷ, ಭಾರತ ಎರಡು-ಒಂದರ ಮುನ್ನಡೆಯಲ್ಲಿತ್ತು. ಎದುರಾಳಿಯ ಮೊಣಕಾಲು ತಗುಲಿ ಸ್ಮೃತಿ ತಲೆ ಹಿಡಿದುಕೊಂಡು ಬಿದ್ದಳು. ಕಿರಣ್ ಓಡಿ ಹೋಗಿ ಅವಳ ಕಣ್ಣು ನೋಡಿ, ಆಡಲಾಗದು ಎಂದು ಸನ್ನೆ ಮಾಡಿದ. ಸೀತಾ ಕವನಾಳನ್ನು ಇಳಿಸಿದರು.

ಎದುರಿನವರು ಕಾದಿದ್ದೇ ಇದಕ್ಕೆ. ಬೆರಳಿಗೆ ಟೇಪ್ ಸುತ್ತಿದ ಕೀಪರ್ ಬಂದಳು ಅಂತ ಸುದ್ದಿ ಹೋಗಿತ್ತೋ ಏನೋ, ಬರುವ ಚೆಂಡೆಲ್ಲ ಬಲಗಡೆಗೇ. ಬರಲಿ! ಎಲ್ಲಿಂದ ಬೇಕಾದರೂ ಬರಲಿ! ಕವನಾ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕೊನೇ ನಿಮಿಷದಲ್ಲಿ ಕಾರ್ನರ್. ಹತ್ತು ಜನರ ನಡುವಿನಿಂದ ಜಿಗಿದು, ಅದೇ ಬಲಗೈ ಮುಷ್ಟಿಯಲ್ಲಿ ಚೆಂಡನ್ನು ಗುದ್ದಿದಳು. ಚೆಂಡು ಅರ್ಧ ಮೈದಾನ ದಾಟಿತು. ಕೊನೆಯ ಸೀಟಿ ಮೊಳಗಿತು.

ಭಾರತ ಗ್ರೂಪ್ ದಾಟಿತ್ತು.

ಎಲ್ಲರೂ ಅಳುತ್ತಾ ನಗುತ್ತಾ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕಿರಣ್ ಹತ್ತಿರ ಬಂದು ಅಳುಕುತ್ತಾ ಕೇಳಿದ, "ಎಷ್ಟು ನೋವು?"

"ಎರಡು," ಅಂದಳು ಕವನಾ, ಅವನ ಮುಖ ನೋಡದೆ.

ಮತ್ತೆ ಅದೇ ಸುಳ್ಳು. ಅವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದೂ ಇರಲಿಲ್ಲ.

ಕ್ವಾರ್ಟರ್ ಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತರು. ತಲೆ ತಗ್ಗಿಸಿ ಯಾರೂ ಹೊರಗೆ ಬರಲಿಲ್ಲ. ಆ ದಿನವೂ ಕಿರಣ್ ಕೇಳಿದ, ಅವಳು ಎರಡು ಎಂದೇ ಹೇಳಿದಳು. ವಿಮಾನದಲ್ಲಿ ಅವನ ಪಕ್ಕದ ಸೀಟು ಖಾಲಿ ಇದ್ದರೂ ಹೋಗಿ ಸ್ಮೃತಿ ಪಕ್ಕ ಕೂತಳು. ಕೂತು ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಅತ್ತಳು.

ಮಲ್ಲತ್ತಹಳ್ಳಿ ಸರ್ಕಲ್ಲಿನಲ್ಲಿ ಆಗಲೇ ಫ್ಲೆಕ್ಸ್ ಎದ್ದಿತ್ತು. 'ಭಾರತದ ಹೆಮ್ಮೆಯ ಪುತ್ರಿಗೆ ಸ್ವಾಗತ.' ಅದರಲ್ಲಿ ಕವನಾಳ ಫೋಟೋಗಿಂತ ನಾಗರಾಜು ಅವರ ಫೋಟೋ ಎರಡು ಪಟ್ಟು ದೊಡ್ಡದಿತ್ತು. ಗ್ಲೌಸ್ ಅಟ್ಟಕ್ಕೆ ಹಾಕುತ್ತೇನೆ ಅಂದಿದ್ದ ಮಹಾನುಭಾವರು ಇವರೇ!

ಮೂರನೇ ದಿನ ಬೆಳಗ್ಗೆ ಮನೆ ಮುಂದೆ ಸ್ಕೂಟರ್ ನಿಂತಿತು. ಟೇಪಿನ ಬ್ಯಾಗ್ ಹಿಡಿದು ಬಸವಕಿರಣ್ ಒಳಗೆ ಬಂದ. ನಡುಮನೆಯಲ್ಲಿ ಅಪ್ಪ, ಅಜ್ಜಿ, ಕವನಾ ಮೂವರೂ ಇದ್ದರು.

"ಬನ್ನಿ ಡಾಕ್ಟ್ರೇ," ಅಂದರು ನಾಗರಾಜು. "ಬೆರಳು ನೋಡೋಕೆ ಬಂದ್ರಾ?"

"ಅದಕ್ಕೂ ಬಂದೆ ಸಾರ್. ಕ್ಷಮೆ ಕೇಳೋಕೂ ಬಂದೆ." ಅವನು ಕವನಾ ಕಡೆ ತಿರುಗಿದ. "ನೀವು ನನ್ನ ನಂಬಿದ್ರಿ. ನಾನು ನಿಮ್ಮನ್ನ ನಂಬಲಿಲ್ಲ. ನಿಮ್ಮ ಬೆರಳು ಮುರಿದಿದೆ ಅಂತ ಹೆದರಿ ಅವತ್ತು ರಾತ್ರಿ ನಿದ್ದೆ ಮಾಡಿಲ್ಲ. ಬೇರೆ ಯಾರ ಬೆರಳಾಗಿದ್ರೂ ನಾನು ಅಷ್ಟು ಹೆದರ್ತಿರಲಿಲ್ಲ. ನಂಗೆ ನೀವಂದ್ರೆ ಇಷ್ಟ. ಮನೆಯವರ ಎದುರೇ ಹೇಳ್ತಿದೀನಿ."

ಅಯ್ಯೋ, ಇದನ್ನು ಅಪ್ಪನ ಮುಂದೆಯೇ ಹೇಳಬೇಕಿತ್ತಾ... ಆದರೆ ಎಷ್ಟು ಚೆನ್ನಾಗಿ ಹೇಳಿದ!

ನಾಗರಾಜು ಎದ್ದು ನಿಂತರು. "ನೋಡಪ್ಪ, ನೀವು ಲಿಂಗಾಯಿತರು, ನಾವು ಗೌಡ್ರು. ಇದೆಲ್ಲ ಆಗೋ ಮಾತಲ್ಲ. ಕವನಾ, ಒಳಗೆ ನಡಿ."

"ಹೋಗಲ್ಲ ಅಪ್ಪ."

"ಏನಂದೆ?"

"ಗ್ರೂಪ್ ದಾಟಿದ್ರೆ ಈ ಮನೇಲಿ ನನ್ನ ಮಾತು ಅಂದಿದ್ರಿ. ದಾಟಿ ಬಂದಿದೀನಿ. ನನ್ನ ಮಾತು ಇದು. ಆಟ ಬಿಡಲ್ಲ. ಇವರನ್ನೂ ಬಿಡಲ್ಲ."

"ಅದೇನೋ ತಮಾಷೆಗೆ ಅಂದಿದ್ದು..."

"ತಮಾಷೆ ಅಲ್ಲ ಕಣೋ ನಾಗರಾಜ," ಅಂದರು ಅಕ್ಕಯ್ಯಮ್ಮ ಮೂಲೆಯಿಂದ. "ನಾನಿಲ್ಲೇ ಕೂತಿದ್ದೆ. ಕಿವಿ ಇನ್ನೂ ನೆಟ್ಟಗಿದೆ ನಂಗೆ. ಸರ್ಕಲ್ಲಲ್ಲಿ ಮಗಳ ಹೆಸರಲ್ಲಿ ನಿನ್ನ ಮುಖ ಹಾಕ್ಸೋವಾಗ ತಮಾಷೆ ಅನ್ನಿಸ್ಲಿಲ್ವಾ? ಕೊಟ್ಟ ಮಾತು ನಡೆಸು."

ನಾಗರಾಜು ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು. ಮಗಳ ಬಲಗೈ ಮುಷ್ಟಿ ಬಿಗಿದಿತ್ತು. ಅದೇ ಮುಷ್ಟಿ ಚೆಂಡು ಗುದ್ದಿದ್ದನ್ನು ಟಿವಿಯಲ್ಲಿ ಅವರು ನಲವತ್ತು ಸಲವಾದರೂ ನೋಡಿದ್ದರು.

"ಕಾಫಿ ತರಿಸ್ತೀನಿ," ಎಂದು ಗೊಣಗಿ ಒಳಗೆ ಹೋದರು. "ಇವರಪ್ಪನ ನಂಬರ್ ತಗೊಂಡಿರು."

ಅಜ್ಜಿಯೂ ಅವರೆಕಾಯಿ ಮೊರ ಎತ್ತಿಕೊಂಡು ಹಿಂದೆಯೇ ಹೊರಟರು.

ಕಿರಣ್ ಅವಳ ಎದುರು ಕೂತು ಹಳೇ ಟೇಪ್ ಬಿಡಿಸಿದ.

"ಹತ್ತಕ್ಕೆ ಎಷ್ಟು ನೋವು?"

"ಮೂರು. ನಿಜವಾಗ್ಲೂ."

ಅವನು ಹಾಳೆಯ ಮೇಲೆ ಮೂರು ಎಂದೇ ಬರೆದು ಅವಳಿಗೆ ತೋರಿಸಿದ. ಅವಳ ಕಣ್ಣು ತುಂಬಿತು.

"ಇನ್ನೊಂದು ಕೇಳ್ಲಾ?" ಅಂದ ಅವನು. "ನಾನು ಎಷ್ಟು ಇಷ್ಟ? ಹತ್ತಕ್ಕೆ?"

ಕವನಾ ಒಳಗಡೆಗೊಮ್ಮೆ ನೋಡಿ, ಅವನ ಕಡೆ ಬಾಗಿ ಮೆಲ್ಲಗೆ ಹೇಳಿದಳು.

"ಐದು."

"ಅಷ್ಟೇನಾ?"

"ಡಬಲ್ ಮಾಡ್ಕೊ. ಇದೊಂದು ಸಲ ಮಾತ್ರ."