ಹಿಮನರಿಗೆ ದನಿ ಕೊಟ್ಟವನು

“ಕಟ್. ಮತ್ತೆ ದನಿ ಒಡೀತು,” ಎಂದಳು ಸೌಂಡ್ ಇಂಜಿನಿಯರ್, ಗಾಜಿನ ಈಚೆಯಿಂದ. “ನಿನ್ನೆ ಯಾರ ಜೊತೆ ಅಷ್ಟು ಹರಟೆ ಹೊಡೆದ್ರಿ?”

ಗಾಜಿನ ಆಚೆ ಮೈಕಿನ ಮುಂದೆ ಕೂತಿದ್ದ ಕಂಠದಾನ ಕಲಾವಿದ ನಕ್ಕ. “ಸೀಲುಗಳ ಜೊತೆ.”

ಉತ್ತರ ಧ್ರುವದ ಪ್ರಾಣಿಗಳು ಏನು ತಿಂದು ಬದುಕುತ್ತವೆ ಎಂಬ ಸಾಕ್ಷ್ಯಚಿತ್ರಕ್ಕೆ ಅವನು ದನಿ ಕೊಡುತ್ತಿದ್ದ. ಆ ದನಿಗೆ ಅವಳು ಎಂದೋ ಮನಸೋತಿದ್ದಳು. ಚೆನ್ನಾಗಿ ಬಂದ ಸಾಲನ್ನೂ ‘ಇನ್ನೊಂದು ಸಲ’ ಎಂದು ಹೇಳಿಸುತ್ತಿದ್ದುದು ಅದಕ್ಕೇ. ಅವನಿಗೂ ಗೊತ್ತಿತ್ತೇನೋ; ಓರೆಗಣ್ಣಲ್ಲಿ ನೋಡಿ, ಸುಮ್ಮನೆ ಮತ್ತೆ ಓದುತ್ತಿದ್ದ.

“ಹೆಪ್ಪುಗಟ್ಟಿದ ಕಡಲಿನಡಿ ಪಾಚಿ ಬೆಳೆಯುತ್ತದೆ. ಪಾಚಿಯನ್ನು ಅಕ್ಕಿನುಚ್ಚಿನಷ್ಟು ಸಣ್ಣ ಜೀವಿಗಳು ತಿನ್ನುತ್ತವೆ. ಅವನ್ನು ಮೀನು, ಮೀನನ್ನು ಸೀಲು, ಸೀಲನ್ನು ಹಿಮಕರಡಿ. ಎಷ್ಟೋ ಸಲ ಕರಡಿ ಕೊಬ್ಬನ್ನಷ್ಟೇ ತಿಂದು ಮಾಂಸ ಬಿಟ್ಟುಹೋಗುತ್ತದೆ. ಹಿಂದೆಯೇ ಬಂದ ಹಿಮನರಿಗೆ ಅದೇ ಊಟ.”

“ಪಾಪ ನರಿ. ಕರಡಿ ಏಳೋ ತನಕ ಚಳೀಲಿ ಕಾಯ್ಬೇಕು.”

“ಕಾಯೋದ್ರಲ್ಲೂ ಒಂಥರಾ ಸುಖ ಇದೆ ಮೇಡಂ,” ಎಂದ ಅವನು, ಅವಳನ್ನೇ ನೋಡುತ್ತ.

ಅವಳು ಕೆನ್ನೆ ಬಿಸಿಯಾದದ್ದನ್ನು ಮರೆಮಾಚಲು ಗುಂಡಿಗಳತ್ತ ಬಾಗಿದಳು. ಅಷ್ಟರಲ್ಲಿ ಅವನಿಗೆ ಮತ್ತೆ ಕೆಮ್ಮು ಬಂತು.

“ಇವತ್ತಿಗೆ ಸಾಕು. ಉಳಿದದ್ದು ಸೋಮವಾರ.”

“ಸೋಮವಾರ ಆಗಲ್ಲ.”

“ಮಂಗಳವಾರ?”

“ಅದೂ ಆಗಲ್ಲ.”

ಅವಳಿಗೆ ರೇಗಿತು. “ದೊಡ್ಡ ಸ್ಟುಡಿಯೋದವರು ಕರೆದ್ರೇನೋ. ನೇರವಾಗಿ ಹೇಳ್ಬಹುದಿತ್ತಲ್ಲ!”

ಅವನು ಹೆಡ್‌ಫೋನ್ ತೆಗೆದಿಟ್ಟು ಈಚೆ ಬಂದ. “ಸೋಮವಾರ ಆಪರೇಷನ್. ಗಂಟಲಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೇನೇ ತೆಗೀತಾರಂತೆ. ಇವತ್ತೇ ಮುಗಿಸೋಣ ಅಂತ ಬಂದೆ.”

ಅವಳು ಎದ್ದು ಅವನಿಗೊಂದು ಲೋಟ ಬಿಸಿನೀರು ತಂದುಕೊಟ್ಟಳು.

ಇಬ್ಬರೂ ಕೆಲಸ ಮುಗಿಸಿದರು. ದನಿ ಒಡೆದ ಕಡೆಗಳನ್ನೂ ಅವಳು ಹಾಗೇ ಉಳಿಸಿಕೊಂಡಳು, ಒಮ್ಮೆಯೂ ತಡೆಯಲಿಲ್ಲ.

“ರೆಕಾರ್ಡಿಂಗ್ ಆಫ್ ಮಾಡಿ,” ಎಂದ ಕೊನೆಗೆ. ಮಾಡಿದಳು. “ಬಾಯಿ ಬಿಟ್ಟು ಹೇಳೋಕೆ ಇನ್ನು ಆಗಲ್ಲ, ಅದಕ್ಕೇ ಈಗ ಹೇಳ್ತಿದೀನಿ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ತುಂಬಾ. ಉತ್ತರ ಏನೂ ಬೇಡ. ಮಾತು ಬಾರದವನ ಜೊತೆ ನಿಮ್ಮನ್ನ ಕಟ್ಟಿಹಾಕೋ ಆಸೆ ನನಗಿಲ್ಲ.”

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹೊರಟುಹೋಗಿದ್ದ.

ಆಪರೇಷನ್ನಿನ ಮರುದಿನ ಆಸ್ಪತ್ರೆಗೆ ಓಡಿದಳು. ವಾರ್ಡಿನ ಬಾಗಿಲಲ್ಲಿ ಅವನ ಅಕ್ಕ ಕೂತಿದ್ದಳು. “ಯಾರನ್ನೂ ಬಿಡ್ಬೇಡ ಅಂತ ಸನ್ನೆ ಮಾಡ್ತಾನೆ. ನೀನು ಒಳಗೆ ಹೋಗಮ್ಮ, ಅವನು ಸಿಟ್ಟಾದ್ರೆ ನಾನು ನೋಡ್ಕೋತೀನಿ.”

ಒಳಗೆ ಅವನು ಮಲಗಿದ್ದ, ಕುತ್ತಿಗೆಗೆ ಬ್ಯಾಂಡೇಜು, ಮೂಗಿಗೆ ಆಹಾರದ ನಳಿಕೆ. ಅವಳನ್ನು ಕಂಡು ಗೋಡೆಯತ್ತ ತಿರುಗಿಕೊಂಡ.

ಅವಳು ಮಂಚದ ಅಂಚಿಗೆ ಕೂತಳು. “ಉತ್ತರ ಬೇಡ ಅಂದ್ರೆ ಬಿಡ್ತೀನಾ? ನಾನು ಮೆಚ್ಚಿದ್ದು ಬರೀ ದನೀನ ಅಂದ್ಕೊಂಡಿದ್ದೆ. ದನಿ ಎಲ್ಲ ನನ್ನ ಹತ್ರಾನೇ ಇದೆ. ಆದ್ರೂ ನಿಮ್ಮ ಖಾಲಿ ಕುರ್ಚಿ ನೋಡೋಕಾಗ್ತಿಲ್ಲ. ನಿಮ್ಮನ್ನ ಬಿಟ್ಟು ನಾನೆಲ್ಲಿಗೂ ಹೋಗಲ್ಲ.”

ಬಹಳ ಹೊತ್ತಾದ ಮೇಲೆ ಅವನು ಈಚೆ ತಿರುಗಿದ. ಕಣ್ಣು ತುಂಬಿತ್ತು. ತುಟಿ ಆಡಿಸಿದ, ಸದ್ದು ಬರಲಿಲ್ಲ. ಅವಳಿಗೆ ತಿಳಿಯಲಿಲ್ಲ. ಅವಳು ಬಾಗಿದಾಗ ಮತ್ತೆ ನಿಧಾನವಾಗಿ ಆಡಿಸಿದ.

‘ಊಟ ಆಯ್ತಾ?’

“ಇನ್ನೂ ಇಲ್ಲ,” ಎಂದವಳು ಅವನ ಅಂಗೈಯಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.