ಕೆಂಚಿಯ ವಿಡಿಯೊ

ಬೀದಿನಾಯಿ ಕಾಪಾಡುವ ನಮ್ಮ ಗುಂಪಿನಲ್ಲಿ, ನಾಯಿಯನ್ನು ಮನೆಗೆ ಒಯ್ದವರು ದಿನಾ ಒಂದು ವಿಡಿಯೊ ಕಳಿಸಬೇಕು. ಕಳೆದ ಏಪ್ರಿಲ್‌ನಲ್ಲಿ, ನಾನು ತಂದಿದ್ದ ನಾಯಿ ಕೆಂಚಿಯನ್ನು, ಮನೆ ಹೊಲಸು ಮಾಡೀತೆಂದು, ತಾರಸಿಗೆ ಬಿಟ್ಟು, ತಗಡಿನ ಬಾಗಿಲಿಗೆ ಚಿಲಕ ಹಾಕಿ ಹರಿಹರಕ್ಕೆ ಹೋದೆ. ಸಂಜೆ ಬಂದಾಗ ಅದು ಬಿಸಿಲಿಗೆ ಸತ್ತಿತ್ತು. ಹೇಳಲು ಬಾಯಿ ಬರದೆ ಹಿಂದಿನ ದಿನದ ವಿಡಿಯೊ ಕಳಿಸಿದೆ. ಅದರಲ್ಲಿ ಕೆಂಚಿ ಅಡುಗೆಮನೆಯಲ್ಲಿ ಅನ್ನ ತಿನ್ನುತ್ತಿತ್ತು.

ಗುಂಪು ನಡೆಸುವ ಸುಷ್ಮಾ ಕೂಡಲೇ ಫೋನ್ ಮಾಡಿದಳು. “ಏನಕ್ಕಾ, ನಮಗೆ ಹೇಳ್ದೇನೆ ಇನ್ನೊಂದು ನಾಯಿ ತಂದೀರೇನು?”

“ಇಲ್ಲಲ್ಲ, ಯಾಕ?”

“ಮತ್ತೆ ವಿಡಿಯೊದಾಗೆ ತಗಡು ಕೆರೆಯೋದು ಯಾವ್ದು? ಬಾಗ್ಲು ತೆಗೀರಿ, ಪಾಪ, ಅದಕ್ಕೂ ಒಂದ್ ತುತ್ತು ಹಾಕ್ರಿ.”

ಅಳುತ್ತಾ ಎಲ್ಲ ಒಪ್ಪಿಕೊಂಡೆ. ಆ ವಿಡಿಯೊ ಇನ್ನೂ ನನ್ನ ಫೋನಿನಲ್ಲಿದೆ. ಕೆಂಚಿ ಅನ್ನ ತಿನ್ನುತ್ತಲೇ ಇರುತ್ತದೆ. ಕೆರೆಯುವ ಸದ್ದು ಮಾತ್ರ, ನೋಡಿದ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸೋತಿರುತ್ತದೆ.