ಮಾಚಿ ಬರೆದ ಎರಡು ಕಣ್ಣು

ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಚಿತ್ತಾರಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಗೋಡೆಯಿದ್ದಲ್ಲೆಲ್ಲ ಚಿತ್ರವಿತ್ತು. ಅಲ್ಲಿನ ಚಿತ್ರಗಾರರ ಪದ್ಧತಿಯೇ ಬೇರೆ. ಮೊದಲು ಕಿರೀಟ, ಆಮೇಲೆ ಓಲೆ, ಸರ, ಡಾಬು, ಗೆಜ್ಜೆ. ಕಣ್ಣು ಮಾತ್ರ ಕಟ್ಟಕಡೆಗೆ, ಜೋಯಿಸರು ಮುಹೂರ್ತ ಕೊಟ್ಟ ಮೇಲೆ. ಒಡವೆ ನೋಡುತ್ತ ನಿಂತವರಿಗೆ ಆ ಮುಖಗಳಲ್ಲಿ ಜೀವವಿಲ್ಲದ್ದು ಕಾಣುತ್ತಲೇ ಇರಲಿಲ್ಲ.

ಮಾಚಿ ಅಂಥ ಮನೆತನದ ಹುಡುಗಿ. ಅವಳಿಗೆ ತನ್ನವರೆಂದು ಇದ್ದವಳು ಪುಟ್ಟ ತಂಗಿ ತುಂಗಿ ಒಬ್ಬಳೇ. ಒಂದು ಬೆಳಿಗ್ಗೆ ತುಂಗಿ ಕುಣಿಯುತ್ತ ಬಂದು ಕೆಂಪು ಬಣ್ಣದ ಬಟ್ಟಲನ್ನು ಚೆಲ್ಲಿದಳು.

"ನಿನ್ನ ಮುಖ ತೋರಿಸ್ಬೇಡ, ಹೋಗು ಆಚೆ," ಎಂದು ಮಾಚಿ ಗದರಿದಳು. ತುಂಗಿ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ಬೀದಿಗೆ ಹೋದಳು.

ಅದೇ ಹೊತ್ತಿಗೆ ಬೋಳುಮೊಗನೆಂಬ ಮಾಯಾವಿ ಬೀದಿಯಲ್ಲಿ ನಡೆದುಬಂದ. ಅವನ ಮೋರೆ ನೋಡಿದವರ ಮುಖದಿಂದ ಭಾವ ಕಳಚಿ ಅವನ ಚೀಲಕ್ಕೆ ಬಿತ್ತು. ಕಣ್ಣು ಮೂಗು ಬಾಯಿ ಇದ್ದಲ್ಲೇ ಇದ್ದವು, ನಗು ಅಳು ಸಿಟ್ಟು ಹೋದವು. ಬೀದಿಯಲ್ಲಿದ್ದ ತುಂಗಿಯ ಮುಖದಿಂದಲೂ ಹೋದವು. ಮುಖ ನೋಡಿ ಮಣೆ ಹಾಕುವ ಊರಿನಲ್ಲಿ ಯಾರಿಗೆ ಮಣೆ ಹಾಕಬೇಕೆಂದೇ ತಿಳಿಯದಾಯಿತು. ಗೋಡೆಯ ಕಡೆ ತಿರುಗಿ ಡಾಬು ಬರೆಯುತ್ತಿದ್ದ ಮಾಚಿ ಒಬ್ಬಳು ಉಳಿದಳು. ನೂರು ದಿನದೊಳಗೆ ಭಾವ ಮರಳದಿದ್ದರೆ ಈ ಮುಖಗಳು ಕಲ್ಲಾಗುತ್ತವೆ ಎಂದು ಜೋಯಿಸರು ಹೇಳಿದರು. ಹೇಳುವಾಗ ಅವರ ಹುಬ್ಬು ಕೂಡ ಅಲುಗಲಿಲ್ಲ.

ಮಾಚಿ ತಂಗಿಯ ಮುಖವನ್ನು ಬರೆದಾದರೂ ಇಟ್ಟುಕೊಳ್ಳೋಣವೆಂದು ಕೂತಳು. ಓಲೆ ಬಂತು, ಸರ ಬಂತು, ತುಂಗಿ ಬರಲಿಲ್ಲ. ಮಾಚಿ ಬಿಕ್ಕಿ ಬಿಕ್ಕಿ ಅತ್ತಳು.

ರಾಜ್ಯದ ಕಡಲ ತೀರದಲ್ಲಿ ಓಸೆನ್ ಎಂಬ ಅಜ್ಜಿಯಿದ್ದಳು. ಮೂಡಣ ದ್ವೀಪದಿಂದ ದೋಣಿಯಲ್ಲಿ ಬಂದವಳು, ಮುಖ ಬರೆಯುವುದರಲ್ಲಿ ಹೆಸರಾದವಳು. ಮಾಚಿ ಹೋಗಿ ಕಾಲಿಗೆ ಬಿದ್ದಾಗ ಅವಳು ಕಾಗದದ ಮೇಲೆ ಐದು ಗೆರೆ ಎಳೆದಳು. ಐದೇ ಗೆರೆ. ನೋಡಿದರೆ ಒಬ್ಬ ಹೆಂಗಸು ಬಾಯಿಗೆ ಸೆರಗು ಹಿಡಿದು ನಗು ತಡೆಯುತ್ತಿದ್ದಳು. ಮಾಚಿ ಮುಟ್ಟಿ ನೋಡಿದಳು. ಕಾಗದ ಬೆಚ್ಚಗಿತ್ತು.

"ನಮ್ಮ ಕಡೆ ಇದಕ್ಕೆ ಮಾಂಗಾ ಅಂತಾರೆ, ಮಗಳೇ," ಎಂದಳು ಅಜ್ಜಿ. "ಮೊದಲು ಬೆನ್ನಿನ ಗೆರೆ. ಗೆದ್ದು ಬಂದಿದ್ದಾನೋ ಸೋತು ಬಂದಿದ್ದಾನೋ, ಬೆನ್ನೇ ಹೇಳುತ್ತೆ. ಆಮೇಲೆ ಕಣ್ಣು, ದೊಡ್ಡದಾಗಿ. ಅದರೊಳಗೆ ಒಂದು ಚುಕ್ಕೆ ಬೆಳಕು ಬಿಡು. ಮೂಗು ಚಿಟಿಕೆಯಷ್ಟು ಸಾಕು. ಒಡವೆ ಬೇಡವೇ ಬೇಡ."

ತೊಂಬತ್ತು ದಿನ ಮಾಚಿ ಕಲಿತಳು. ನೀರಿನಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಸಿಟ್ಟಾದಳು, ಬೆಚ್ಚಿದಳು, ನಕ್ಕಳು, ಒಂದೊಂದನ್ನೂ ಬರೆದಳು. ಮೊದಮೊದಲು ಎಲ್ಲ ಮುಖಗಳಿಗೂ ಹಲ್ಲುನೋವು ಬಂದಂತೆ ಕಾಣುತ್ತಿತ್ತು. ತೊಂಬತ್ತನೆಯ ದಿನ ಅಜ್ಜಿ ಅವಳ ಕೈಗೆ ಒಂದು ತುಂಡು ಮಸಿ ಕೊಟ್ಟಳು.

"ಇದು ಮೂರೇ ಚಿತ್ರಕ್ಕೆ ಆಗುತ್ತೆ. ನಿಜವಾಗಿ ಬರೆದ ಚಿತ್ರಕ್ಕೆ ಜೀವ, ಮುಖಕ್ಕೆ ಭಾವ ತಾನಾಗಿ ಬರುತ್ತೆ, ಆ ಮುಖದವರು ಎಷ್ಟೇ ದೂರ ಇದ್ದರೂ. ಮೂರನೇದು ನಿನ್ನ ತಂಗಿಗೆ ಇಟ್ಟುಕೋ."

ಊರಿನ ಉಳಿದವರ ಭಾವವೆಲ್ಲ ಚೀಲದಲ್ಲೇ ಇತ್ತು, ಅದಕ್ಕೆ ಮಾಚಿ ಮಾಯಾವಿಯ ಗುಹೆಯ ಕಡೆ ನಡೆದಳು. ಮೊದಲು ಹುಲಿ ಅಡ್ಡ ಬಂತು. ಓಡುವುದು ಕಂಡರೆ ಬೆನ್ನಟ್ಟದೆ ಬಿಡದ ಹುಲಿ ಅದು. ಮಾಚಿ ಬಂಡೆಯ ಮೇಲೆ ಬೆನ್ನಿನ ಗೆರೆಯನ್ನು ಬಿಲ್ಲಿನಂತೆ ಬಗ್ಗಿಸಿ ಎಳೆದಳು, ಕೂದಲು ಹಾರಿಸಿದಳು, ಹಿಂದೆ ನಾಲ್ಕು ಗಾಳಿಗೆರೆ ಹಾಕಿದಳು. ಬರೆದ ಮನುಷ್ಯ ಬಂಡೆಯಿಂದ ಇಳಿದು ಓಡಿದ. ಹುಲಿ ಅವನ ಹಿಂದೆ ಓಡಿತು.

ಆಮೇಲೆ ಹೊಳೆ ಬಂತು, ಹೊಳೆಯ ತುಂಬ ಒಂದೇ ಮೊಸಳೆ. "ನನ್ನ ನಗಿಸಿದರೆ ದಾಟಿಸ್ತೀನಿ," ಎಂದಿತು. ಕಣ್ಣೀರಿನಲ್ಲಾದರೆ ಮೊಸಳೆ ಪಳಗಿದ್ದು, ನಗಿಸುವುದು ಕಷ್ಟ. ಮಾಚಿ ಕದ್ದು ಕಡುಬು ತಿನ್ನುವಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದ ಮುದುಕನನ್ನು ಬರೆದಳು. ಉಬ್ಬಿದ ಕೆನ್ನೆ, ತಟ್ಟೆಯಷ್ಟು ಕಣ್ಣು, ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆವರ ಹನಿ. ಮೊಸಳೆ ನಕ್ಕ ರಭಸಕ್ಕೆ ಹೊಳೆಯೇ ದಡ ಹತ್ತಿತು.

ನೂರನೆಯ ದಿನ ಸಂಜೆ ಅವಳು ಗುಹೆ ಸೇರಿದಳು. ಬೋಳುಮೊಗ ಬೆನ್ನು ಹಾಕಿ ಕೂತಿದ್ದ. ಕದ್ದ ಭಾವಗಳನ್ನು ಒಂದೊಂದಾಗಿ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ. ಒಂದೊಂದೂ ಜಾರಿ ಬೀಳುತ್ತಿತ್ತು. ಮಾಚಿ ಅವನ ಬೆನ್ನನ್ನೇ ನೋಡಿದಳು. ಅದು ಅಂದು ಬೀದಿಗೆ ಹೋದ ತುಂಗಿಯ ಬೆನ್ನಿನ ಹಾಗೇ ಇತ್ತು.

ಅವನ ಕಿವಿಯಲ್ಲಿ ಏಳು ಮುತ್ತಿನ ಓಲೆ. ಅಂಥ ಓಲೆ ಬರೆಯುತ್ತಿದ್ದವರು ಅವಳ ತಾತ ಒಬ್ಬರೇ.

"ನಿನ್ನ ಬರೆದೋರು ನಮ್ಮ ತಾತ," ಎಂದಳು ಮಾಚಿ.

"ಹೌದು. ಅರಮನೆ ಗೋಡೆ ಮೇಲೆ ಬರೆದರು. ಒಡವೆಯೆಲ್ಲ ಹಾಕಿದರು, ಕಣ್ಣಿಗೆ ಮುಹೂರ್ತ ಕಾದರು. ಮುಹೂರ್ತ ಬರೋ ಮೊದಲೇ ತೀರಿಕೊಂಡರು. ಎಷ್ಟು ದಿನ ಕಾಯಲಿ? ಇಳಿದು ಬಂದೆ."

ಮಸಿಯ ತುಂಡು ಸವೆದು ಒಂದೇ ಚಿತ್ರಕ್ಕಾಗುವಷ್ಟು ಉಳಿದಿತ್ತು. ಅದು ತುಂಗಿಯದು. ಹೊತ್ತು ಇನ್ನೊಂದು ಗೇಣು ಇಳಿದರೆ ತಂಗಿ ಕಲ್ಲಾಗುತ್ತಾಳೆ. ಆದರೂ ಆ ಬೆನ್ನನ್ನು ಹಾಗೇ ಬಿಟ್ಟು ಹೋಗುವುದು ಅವಳಿಂದ ಆಗಲಿಲ್ಲ.

"ಈ ಕಡೆ ತಿರುಗು. ಮುಹೂರ್ತ ಬೇಡ," ಎಂದು ತನ್ನ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಎಡಗೈಯಿಂದ ಆ ಬೋಳು ಮುಖವನ್ನು ತಡವಿ, ಬಲಗೈಯಿಂದ ಎರಡು ದೊಡ್ಡ ಕಣ್ಣು ಬರೆದಳು. ಒಂದೊಂದರಲ್ಲೂ ಒಂದು ಚುಕ್ಕೆ ಬೆಳಕು ಬಿಟ್ಟಳು.

ಬೆರಳಿಗೆ ಬಿಸಿನೀರು ತಾಗಿತು. ಮಾಯಾವಿ ಅಳುತ್ತಿದ್ದ. ತನ್ನದೇ ಅಳು ಬಂದವನಿಗೆ ಬೇರೆಯವರದು ಯಾಕೆ? ಅವನು ಚೀಲದ ಬಾಯಿ ಬಿಚ್ಚಿದ. ಸಾವಿರ ನಗು, ಸಾವಿರ ಸಿಟ್ಟು, ಸಾವಿರ ನಾಚಿಕೆ ಆಕಾಶದ ತುಂಬ ಹಾರಿ ಊರ ಕಡೆ ಹೋದವು. ಮಾಚಿ ಕಣ್ಣು ಬಿಟ್ಟು ಬಹಳ ಹೊತ್ತು ನೋಡುತ್ತ ನಿಂತಳು. ಅವನು ಹೋಗಿ ಅರಮನೆಯ ಗೋಡೆ ಹತ್ತಿದ. ಇವತ್ತಿಗೂ ಅಲ್ಲಿಂದಲೇ ಬಂದವರನ್ನೆಲ್ಲ ನೋಡುತ್ತಾನಂತೆ.

ಮನೆಯ ಹೊಸಿಲ ಮೇಲೆ ತುಂಗಿ ಕೂತಿದ್ದಳು. ಅಕ್ಕನನ್ನು ಕಂಡದ್ದೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಮುಖ ತೋರಿಸ್ಬೇಡ ಅಂದ್ಯಲ್ಲ ಅಕ್ಕ. ತೋರ್ಸಲ್ಲ."

ಮಾಚಿ ಅವಳ ಮುಂದೆ ಮಂಡಿಯೂರಿದಳು. "ತಪ್ಪಾಯ್ತು ಕಣೇ. ಒಂದ್ಸಲ ತೋರ್ಸು."

ಬೆರಳುಗಳ ಸಂದಿನಲ್ಲಿ ಒಂದು ಕಣ್ಣು ತೆರೆಯಿತು. ಅದರಲ್ಲಿ ಒಂದು ಚುಕ್ಕೆ ಬೆಳಕಿತ್ತು.

ಅಂದಿನಿಂದ ಚಿತ್ತಾರಗಿರಿಯಲ್ಲಿ ಯಾರು ಚಿತ್ರ ಬರೆದರೂ ಮೊದಲು ಕಣ್ಣು ಬರೆಯುತ್ತಾರೆ. ಒಡವೆಗೆ ಬೇಕಾದರೆ ಮುಹೂರ್ತ ನೋಡುತ್ತಾರೆ. ಅಲ್ಲಿ ಎಲ್ಲರೂ ಮನಸಾರೆ ನಗುತ್ತ, ಬೇಕೆನಿಸಿದಾಗ ಮುನಿಸಿಕೊಳ್ಳುತ್ತ ಸುಖವಾಗಿದ್ದಾರೆ.